ಐದು ವರ್ಷಗಳ ನಂತರ

ಸ್ಪ್ರಿಂಗ್‌ವೇಲ್‌ನ ಡಯಾಲಿಸಿಸ್ ಕೋಣೆ. ಮಂಗಳ, ಗುರು, ಶನಿ.
ನನ್ನದು ಏಳನೇ ಕುರ್ಚಿ, ತುಯೆತ್‌ಳದು ಎಂಟು.
ನಡುವೆ ಒಂದು ಫೋನು, ಕಿವಿಗೊಂದು ತಂತಿ,
ಇಬ್ಬರಿಗೂ ಬಾರದ ಕೊರಿಯನ್ ಭಾಷೆಯ ಧಾರಾವಾಹಿ.

ಹನ್ನೆರಡನೇ ಕಂತಿನಲ್ಲಿ ವಿಮಾನ ಹಾರಿತು.
ಪರದೆ ಕಪ್ಪು. ಐದು ವರ್ಷಗಳ ನಂತರ, ಅಂತ ಅಕ್ಷರ.
ನಾಯಕಿಯ ಜಡೆ ಹೋಗಿ ಕುತ್ತಿಗೆವರೆಗಿನ ಕೂದಲು,
ಅಷ್ಟೇ.
ಅಳು ಯಾವತ್ತು ನಿಂತಿತು, ಬಾಡಿಗೆ ಯಾರು ಕಟ್ಟಿದರು,
ಉಹೂಂ.
‘ಮೋಸ,’ ಅಂದಳು ತುಯೆತ್.
ನಮ್ಮ ಯಂತ್ರಗಳಲ್ಲಿ ಇನ್ನೂ ಮೂರು ಗಂಟೆ ಹನ್ನೊಂದು ನಿಮಿಷ,
ಒಂದೊಂದೂ ಸೂಜಿಯ ಕಣ್ಣಲ್ಲಿ ನುಸುಳಿಯೇ ಹೋಗಬೇಕು.

ಗುರುವಾರ ಎಂಟನೇ ಕುರ್ಚಿಗೆ ಹೊಸ ಹಾಳೆ ಹಾಸಿತ್ತು.
ಎದೆ ಧಸಕ್ಕೆಂದಿತು.
ನರ್ಸ್ ನಕ್ಕಳು: ರಾತ್ರಿ ಎರಡಕ್ಕೆ ಕರೆ ಬಂತಂತೆ,
ಕಿಡ್ನಿ ಸಿಕ್ಕಿತಂತೆ,
ಮನೆಯ ಚಪ್ಪಲಿಯಲ್ಲೇ ಓಡಿದಳಂತೆ.

ಖುಷಿಯೇ.
ಹೊಟ್ಟೆಯಲ್ಲೊಂದು ಸಣ್ಣ ಕಿಚ್ಚೂ ಇತ್ತು, ಸುಳ್ಳೇಕೆ.

ಹತ್ತು ದಿನಕ್ಕೆ ಸಂದೇಶ: ‘ಅವರಿಬ್ಬರೂ ಮತ್ತೆ ಸಿಕ್ಕರಾ?’
ಹದಿಮೂರನೇ ಕಂತು ನಾನಿನ್ನೂ ತೆರೆದಿಲ್ಲ.
ಎಡಗೈ ಅಲ್ಲಾಡಿಸುವಂತಿಲ್ಲ; ಬಲಗೈಯ ಹೆಬ್ಬೆರಳಲ್ಲೇ
ಒಂದೊಂದಕ್ಷರ ಒತ್ತಿದೆ:
ಸಿಗುತ್ತಾರೆ.
ಮೊದಲು ಆ ಕೂದಲು ಬೆಳೆಯಲಿ.