ಬಣ್ಣ ಹತ್ತದ ಜಾಗ

ನಮ್ಮ ಅಡ್ಡಹೆಸರ ಬಣ್ಣದ.
ಬೆಟಗೇರಿ ಓಣ್ಯಾಗ ಅಪ್ಪ ಕುದಿಯೋ ಹಂಡ್ಯಾಗ
ನೂಲಿನ ಲಡಿ ಅದ್ದಿ, ಕೋಲಿಲೆ ತಿರುವಿ,
ಮೊಣಕೈತನಕಾ ಕೆಂಪಾಗಿ ಉಣ್ಣಾಕ ಕುಂದರತಿದ್ದ.
ನಾನು ಮುಂಜಾನಿ ಗದಗಿನ ಪ್ಯಾಸೆಂಜರ್ ಹಿಡದು
ಹುಬ್ಬಳ್ಳಿಗೆ ಬಂದು, ರಬ್ಬರ್ ಗ್ಲೌಸ್ ಏರಿಸಿ
ಅದೇ ಕೆಲಸಾ ಮಾಡತೀನಿ.

ಮೇಣದಾಗ ಹುಗದ ಮಾಂಸದ ಚೂರು.
ಹೆಸರಿಲ್ಲ, ನಂಬರ್ ಐತಿ: ಹನ್ನೊಂದ್ನೂರಾ ನಲವತ್ತು.
ಮೈಕ್ರೋಟೋಮಿನ ಬ್ಲೇಡು ಅದನ್ನ
ಉಳ್ಳಾಗಡ್ಡಿ ಸಿಪ್ಪಿಕಿಂತ ತೆಳ್ಳಗ ಹೆಚ್ಚತೈತಿ.
ಬೆಚ್ಚಗಿನ ನೀರಿನ ಮ್ಯಾಲ ತೇಲಿ ಸುಕ್ಕ ಬಿಡತೈತಿ.

ಆಮ್ಯಾಲ ಕುಕ್ಕರು. ನಗಬ್ಯಾಡ್ರಿ,
ಬ್ಯಾಳಿ ಬೇಯಿಸೋ ಅಂಥಾದ್ದೇ ಕುಕ್ಕರು.
ಸೀಟಿ ಕೂಗಿದ ಮ್ಯಾಲ
ಫಾರ್ಮಲಿನ್ ಬಿಗದ ಗಂಟು ಸಡಲಾಗಿ
ಮುದ್ದಿಯಾಗಿ ಕುಂತ ಪ್ರೋಟೀನ್ ಮಾರಿ ತೋರಸತೈತಿ.

ಅದರ ಮ್ಯಾಲ ಒಂದು ಹನಿ.
ಎಲ್ಲೋ ದೂರದ ದೇಶದ ಇಲಿಯೊಂದು
ತನಗ ಬರದ ರೋಗದ ಗುರುತು ಇಟ್ಟುಕೊಂಡ ಹನಿ.
ಇಲಿ ಸತ್ತು ಎಷ್ಟ ವರ್ಷಾತೋ; ಅದರ ನೆನಪಿಗೆ
ನಮ್ಮ ಫ್ರಿಜ್ಜಿನ ಮ್ಯಾಲಿನ ಅಂತಸ್ತಿನ್ಯಾಗ
ಇನ್ನೂ ಎಂಟು ತಿಂಗಳ ಬಾಳಿಕಿ.

ಆ ನೆನಪಿಗೆ ಗೊತ್ತಿರೋದು ಒಂದೇ:
ವೈರಸ್ಸು ಹೊರಗ ಹೊಂಡೋ ಮುಂದ ಹೊಲಕೊಳ್ಳೋ ಅಂಗಿ.
ಅಡಿ ಪದರಾಗ ಅದು ಬಾಯಿ ಕಟ್ಟಿಕೊಂಡು ಇರತೈತಿ.
ಕೋಶ ಮ್ಯಾಲ ಮ್ಯಾಲ ಸರದು, ಚಪ್ಪಟಾಗಿ,
ಇನ್ನೇನ ಉದರತೈತಿ ಅನ್ನೋವಾಗ
ಸೂಜಿ ದಾರಾ ತಗೊಂಡು ಕುಂದರತೈತಿ.

ಹೋಲಿಸಾಕಂತ ಪಕ್ಕದಾಗ ಇನ್ನೊಂದು ಗಾಜು,
ಯಾವುದೋ ಹುಡುಗನ ಅಂಗಾಲಿನ ನರೂಲಿ.
ಹನ್ನೆರಡ ವರ್ಷದಿಂದ ಕೊರದು ಕೊರದು ಬ್ಲಾಕು ಸವದೈತಿ.
ಆ ಹುಡುಗಗ ಈಗ ಮೀಸಿ ಬಂದಿರಬೇಕು,
ನರೂಲಿ ಇತ್ತನ್ನೋದೂ ಮರತಿರಬೇಕು.
ಅದರ ಮ್ಯಾಲಿನ ಪದರಾಗ ಕಂದು ಚುಕ್ಕಿ,
ಹುರದ ಎಳ್ಳು ಚೆಲ್ಲಿದಂಗ.
ಅಂದ್ರ ಬಣ್ಣ ಸರಿ ಐತಿ. ಹನಿ ಸರಿ ಐತಿ. ಕೈ ಸರಿ ಐತಿ.

ಹನ್ನೊಂದ್ನೂರಾ ನಲವತ್ತು ಖಾಲಿ.
ವಾರಕ್ಕೊಮ್ಮೆ ಬರೋ ನಳದ ನೀರು,
ಡ್ರಮ್ಮಿನಿಂದ ಮಗಿಲೆ ತುಂಬಿ ತೊಳದ ಮ್ಯಾಲ
ಬರೇ ನೀಲಿ. ತಳದಿಂದ ತುದಿತನಕಾ
ಗಾದಿಗೆ ಅಳ್ಳಿ ತುರಕಿದಂಗ ಕೋಶ.
ಒಂದರ ಎಳ್ಳಿಲ್ಲ.

ಕಿಡಕ್ಯಾಗ ನಿಂತಾಕಿ ಕೇಳಿದ್ಲು,
ಬಸ್ಸಿನ ಟಿಕೇಟ ಮಡಚುತ್ತ, ಬಿಚ್ಚುತ್ತ:
"ಏನೂ ಸಿಗಲಿಲ್ಲಂದ್ರ ಛಲೋನ ಆತಲ್ರೀ, ಅಕ್ಕಾರ?"

ಹೆಂಗ ಹೇಳಲಿ?
ಅಂಗಿ ಹೊಲಿಯೋದು ಬಿಟ್ಟ ವೈರಸ್ಸು
ಒಮ್ಮೊಮ್ಮೆ ಹೊರಗ ಹೋಗೋ ವಿಚಾರಾನೇ ಬಿಟ್ಟಿರತೈತಿ;
ಮನಿ ಉತಾರದಾಗ ತನ್ನ ಹೆಸರ ಏರಿಸಿ
ಮಾಲಕನಂಗ ಕಾಲು ಚಾಚಿರತೈತಿ.
ಖರೇನೋ ಸುಳ್ಳೋ, ಅದು ನನ್ನ ಬಾಯಿಂದ ಬರೋ ಮಾತಲ್ಲ.
"ಡಾಕ್ಟರ್ ಬಾಯಾರು ಗುರುವಾರ ಹೇಳತಾರವಾ.
ಗುರುವಾರ ಮಾತ್ರ ತಪ್ಪಸಬ್ಯಾಡ" ಅಂದೆ.

ಒಂದ ಸಲ ಅಪ್ಪನ ಹಂಡ್ಯಾಗ
ಒಂದು ಲಡಿ ನಟ್ಟನಡುವ ಬೆಳ್ಳಗ ಉಳದಿತ್ತು.
ನೇಕಾರ ಬನಶಂಕ್ರೆಪ್ಪ ಒಗದ ಬಿಡು ಅಂದ.
ಅಪ್ಪ ಏನೂ ಅನ್ನಲಿಲ್ಲ. ಅಂಗಳಕ್ಕ ಒಯ್ದು
ಎಳಿ ಎಳಿ ಬಿಡಿಸಿ ಬಿಸಿಲಿಗೆ ಹಿಡದು
ಬಣ್ಣ ಹತ್ತದ ಜಾಗಾನ ಭಾಳ ಹೊತ್ತು ನೋಡಿದ,
ಮೂಸಿ ನೋಡಿದ.

ಗುರುವಾರಕ್ಕ ಇನ್ನೂ ಮೂರ ದಿನಾ.
ಅದೇ ಬ್ಲಾಕಿಂದ ಮತ್ತೊಂದ ಎಸಳು ಕೊಯ್ದೀನಿ.
ಬ್ಯಾರೆ ಶೀಶೆ, ಬ್ಯಾರೆ ಇಲಿ, ಬ್ಯಾರೆ ನೆನಪು.
ಕುಕ್ಕರ್ ಇಟ್ಟೀನಿ.