ಒಡೆಯುವುದಕ್ಕೆ ಅರವತ್ತು

ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಿ, ಅಂದೆ.
ನೆಸ್ತಾ ಬಾಗಿಲ ಚಿಲಕ ಹಿಡಿದೇ ನಿಂತಿದ್ದಳು,
ಪೆಟ್ರೋಲ್ ಬಂಕಿನ ರಾತ್ರಿಪಾಳಿ ಮುಗಿಸಿ ಬಂದವಳು,
ಕೋಟು ಇನ್ನೂ ಬಿಚ್ಚಿರಲಿಲ್ಲ.
"ಪರವಾಗಿಲ್ಲ," ಅಂದಳು.
ಪರವಾಗಿಲ್ಲ ಅಂದರೆ ಎಷ್ಟು?
"ಪರವಾಗಿಲ್ಲ ಅಂದರೆ ಪರವಾಗಿಲ್ಲ. ನೀನೇ ಬರಕೋ."
ಏಳು ಬರೆದುಕೊಂಡೆ.
ಪಕ್ಕದ ಮನೆಯ ಪರವಾಗಿಲ್ಲಕ್ಕೆ ಐದು ಕೊಟ್ಟೆ.
ಹೇಳುವಾಗ ಆತ ನೆಲ ನೋಡಿದ್ದ.

ವೇಲ್ಸಿನ ಬೆಟ್ಟವೊಂದಕ್ಕೆ ಬೆನ್ನು ಕೊಟ್ಟು ಕೂತ ಊರು ಬ್ರಿನ್‌ಗಾರೆಗ್.
ಕೌನ್ಸಿಲ್ಲಿನವರು ಟ್ಯಾಬ್ಲೆಟ್ಟು, ಕೊರಳಿಗೊಂದು ಗುರುತುಚೀಟಿ,
ನಲವತ್ತೆರಡು ಪ್ರಶ್ನೆ ಕೊಟ್ಟು ಕಳಿಸಿದ್ದಾರೆ,
ಬದುಕಿನ ಗುಣಮಟ್ಟ ಅಳೆದುಕೊಂಡು ಬಾ ಎಂದು.

ಹಸಿರು ಜಾಗ ಎಷ್ಟು ನಿಮಿಷದ ನಡಿಗೆ?
ಶಾಲೆಯ ಗೇಟಿನೊಳಗೆ ಕುರಿ ತಲೆ ತೂರಿಸುವ ಊರಲ್ಲಿ
ಇದನ್ನು ಕೇಳಿ ನಗೆಪಾಟಲಾದೆ.
ಬ್ಯಾಂಕು? ಗುರುವಾರ ವ್ಯಾನಿನಲ್ಲಿ ಬರುತ್ತದೆ,
ಇಪ್ಪತ್ತು ನಿಮಿಷ ನಿಲ್ಲುತ್ತದೆ, ಇಂಜಿನ್ ಆರಿಸುವುದಿಲ್ಲ.
ಸಾಂಸ್ಕೃತಿಕ ಚಟುವಟಿಕೆ? ಗಾನಮಂಡಳಿಯಲ್ಲಿ ಉಳಿದವರು ಒಂಬತ್ತು.
ತಗ್ಗುದನಿಯವನು ಹೋದ ಚಳಿಗಾಲ ಮಣ್ಣಾದ.
ಅವನ ಸಾಲು ಬಂದಾಗ ಉಳಿದವರು
ಅಷ್ಟು ಹೊತ್ತು ಸುಮ್ಮನಿರುತ್ತಾರಂತೆ.
'ಇದೆ' ಎಂದೇ ಗುರುತು ಹಾಕಿದೆ.

ಹನ್ನೊಂದರ ಹುಡುಗ ಮಾಕ್ಸೆನ್ ಅಡ್ಡ ಬಂದ:
"ಅಕ್ಕಾ, ಅದು ಇವತ್ತಿನ ಅಂಕವೋ, ಇಡೀ ಬದುಕಿನದೋ?"
ಹದಿನಾರು ತುಂಬದವರು ಲೆಕ್ಕಕ್ಕಿಲ್ಲ ಮರಿ.
"ಹಾಗಾದರೆ ಒಂಬತ್ತು," ಅಂದು ಚೆಂಡು ಒದೆಯುತ್ತ ಹೋದ.

ಇದ್ವಾಲ್, ಎಂಬತ್ತಮೂರು. ಸ್ಲೇಟು ಕ್ವಾರಿಯಲ್ಲಿ ಕಲ್ಲು ಸೀಳಿದವನು.
ಸೀಳಿದ್ದು ಯಾವ ದೇಶದ ಯಾವ ಸೂರಿನ ಮೇಲೆ ಕೂತಿದೆಯೋ,
ಯಾವ ಮಗು ಅದರ ಮೇಲೆ ಬಳಪ ತೀಡಿ
ಎಂಜಲು ಹಚ್ಚಿ ಒರೆಸಿತೋ.
ಗಾಳಿಯ ಗುಣಮಟ್ಟ ಉತ್ತಮ ಎನ್ನುತ್ತದೆ ಕಂಬದ ಮೇಲಿನ ಯಂತ್ರ.
ಅವನೆದೆಯಲ್ಲಿ ಅರವತ್ತೆಂಟನೆಯ ಇಸವಿಯ ಧೂಳು
ಮೆಟ್ಟಿಲು ಹತ್ತುವಾಗ ಸೀಟಿ ಊದುತ್ತದೆ.
ಮೂವತ್ತನೆಯ ಪ್ರಶ್ನೆಗೆ ಕೈಯೆತ್ತಿ ತಡೆದ.

"ನಮ್ಮಲ್ಲಿ ಸಾವಿರ ಸ್ಲೇಟು ಅಂದರೆ ಎಷ್ಟು, ಗೊತ್ತೇನಮ್ಮಾ?
ಸಾವಿರದ ಇನ್ನೂರು. ಅದರ ಮೇಲೆ ಅರವತ್ತು.
ಹಡಗಲ್ಲಿ, ಗಾಡಿಯಲ್ಲಿ, ಮಾಡು ಹೊದಿಸುವವನ ಕೈಯಲ್ಲಿ
ಒಡೆಯುವುದಕ್ಕೇ ಅಂತ ಮೊದಲೇ ಎಣಿಸಿಟ್ಟ ಅರವತ್ತು.
ಕಾಸು ಕೊಡುತ್ತಿದ್ದದ್ದು ಸಾವಿರಕ್ಕೇ ಅನ್ನು.
ಆದರೂ ಒಡೆಯುತ್ತದೆ ಅಂತ ಆ ಲೆಕ್ಕಕ್ಕೆ ಗೊತ್ತಿತ್ತು.
ನಿನ್ನ ಹತ್ತರಲ್ಲಿ, ಒಡೆದದ್ದಕ್ಕೆ ಎಷ್ಟು ಬಿಟ್ಟಿದ್ದೀಯ?"

ಅವನ ಹಿಂದೆ ಗೋಡೆಯಲ್ಲಿ ಎರಡು ಫೋಟೋ.
ಯಾರದೆಂದು ಕೇಳಲಿಲ್ಲ, ಅದಕ್ಕೆ ಕಾಲಂ ಇರಲಿಲ್ಲ.
ಟೀ ಕೊಟ್ಟ. ಅದಕ್ಕೂ ಇರಲಿಲ್ಲ.
ಕುಡಿದೆ.

ಆಪತ್ತಿಗೆ ಕರೆಯಲು ಯಾರಾದರೂ ಇದ್ದಾರೆಯೇ?
ಕೊನೆಯ ಮನೆಯ ಎಲುನೆಡ್‌ಗೆ ಪ್ರಶ್ನೆಯೇ ತಿಳಿಯಲಿಲ್ಲ.
"ಕರೆಯೋದಾ? ಯಾಕೆ?
ರಾತ್ರಿ ಮೂರಕ್ಕೆ ನನ್ನ ಅಡುಗೆಮನೆ ದೀಪ ಹತ್ತಿದರೆ
ಎದುರುಮನೆ ಮೈರ್ವೆನ್ ತನ್ನದೂ ಹಾಕುತ್ತಾಳೆ.
ನಾವು ಮಾತು ಬಿಟ್ಟು ಹನ್ನೆರಡು ವರ್ಷ.
ಬೇಲಿ ಜಗಳ. ತಪ್ಪು ಅವಳದೇ."
ಸದಾ, ಕೆಲವೊಮ್ಮೆ, ಇಲ್ಲ: ಮೂರೇ ಚೌಕ.
ನನ್ನ ಬೆರಳು ಗಾಜಿನ ಮೇಲೆ ತೂಗುತ್ತಿತ್ತು,
ಅವಳು ಬೆಕ್ಕಿಗೆ ಹಾಲು ಹಾಕಲು ಒಳಗೆ ಹೋದಳು.

ಐದೂ ನಲವತ್ತರ ಬಸ್ಸು ತಪ್ಪಿತು. ಅದೇ ಕೊನೆಯದು.
ಪಬ್ಬಿನ ಮೇಲಿನ ಕೋಣೆಯಲ್ಲಿ ಕೂತು ಅಂಕಿ ಕೂಡಿಸಿದೆ.
ಊರಿನ ಸರಾಸರಿ ಆರು ದಶಾಂಶ ಎಂಟು.
ಹೋದ ವಾರ ಅಳೆದ ಕಡಲತಡಿಯ ಊರಿನದೂ ಅಷ್ಟೇ,
ಅಲ್ಲಿ ದೋಣಿಗಳಿಗೂ ಹೀಟರ್ ಇತ್ತು.

ರಾತ್ರಿ ಬಾಯಾರಿ ಎದ್ದೆ. ದೀಪ ಹಾಕಿದೆ.
ನಲ್ಲಿ ಕೆಮ್ಮಿ ಕೆಮ್ಮಿ ಒಂದು ಲೋಟ ಕೊಟ್ಟಿತು.
ಬೀದಿಯಾಚೆ ಒಂದು ಕಿಟಕಿ ಹಳದಿಯಾಯಿತು.
ಯಾರದೋ, ಎಷ್ಟನೆಯ ನಂಬರಿನ ಮನೆಯೋ.
ಏನಿಲ್ಲ, ನೀರಿಗೆ ಎದ್ದದ್ದು ಅಂತ
ಇಲ್ಲಿಂದ ಹೇಳುವುದು ಹೇಗೆ?
ಲೋಟ ಹಿಡಿದು ನಿಂತೇ ಇದ್ದೆ.
ದೀಪ ಮೊದಲು ಯಾರು ಆರಿಸಬೇಕೆಂದು
ನಲವತ್ತೆರಡರಲ್ಲಿ ಎಲ್ಲೂ ಇರಲಿಲ್ಲ.