ಧೈವತ ಇಲ್ಲದ ಪೆಟ್ಟಿಗೆ

ನಾಟಕ ಕಂಪನಿ ಮುಳುಗಿದ್ದು ವೀರಾಜಪೇಟೆಯಲ್ಲಿ,
ಕಕ್ಕಡದ ಮಳೆಗೆ.
ಮಾಲೀಕ ಪರದೆ ಮಾರಿ ರಾತ್ರೋರಾತ್ರಿ
ಮಾಕುಟ್ಟದ ಘಟ್ಟ ಇಳಿದ.
ಸಂಬಳದ ಬದಲು ಗುರುಪಾದಪ್ಪ ಮಾಸ್ತರಿಗೆ ಉಳಿದದ್ದು
ಹಾರ್ಮೋನಿಯಂ ಪೆಟ್ಟಿಗೆ,
ಅದೂ ನಡುವಿನ ಧೈವತ ಸತ್ತದ್ದು.

ಗಡಿಯಾರ ಕಂಬದ ಹಿಂದೆ ನಮ್ಮ ಉಪ್ಪನ ಕೊಡೆ ರಿಪೇರಿ ಅಂಗಡಿ.
ಮೇಲೆ ಅಟ್ಟ ಖಾಲಿಯಿತ್ತು.
"ಮಳಿ ನಿಂತ ಮ್ಯಾಲೆ ಗದಗಿಗೆ ಹೊಂಟೆ" ಅಂದವರು
ಇಪ್ಪತ್ತಾರು ಮಳೆಗಾಲ ಅಲ್ಲೇ ಕೆಮ್ಮಿದರು.
ಹಗಲು ಕಾಫಿ ಕ್ಯೂರಿಂಗಿನಲ್ಲಿ ಚೀಲದ ಲೆಕ್ಕ, ಸಿಪ್ಪೆಯ ದೂಳು.
ಸಂಜೆ ನಾವು ಐದಾರು ಮಕ್ಕಳು.
ಫೀಸು ತಿಂಗಳಿಗೆ ಅರ್ಧ ಸೇರು ಕರಿಮೆಣಸು,
ಇಲ್ಲದವರಿಗೆ ಇಲ್ಲ.

ಉಪ್ಪ ಒಮ್ಮೆ ಕೊಡೆಯ ಕಡ್ಡಿ ಕತ್ತರಿಸಿ, ತಟ್ಟಿ, ಉಜ್ಜಿ
ಧೈವತ ಹೊರಡಿಸಲು ನೋಡಿದರು.
ಬೆಕ್ಕು ಸೀನಿದ ಹಾಗಾಯಿತು.
ಮಾಸ್ತರು ಬಿದ್ದು ಬಿದ್ದು ನಕ್ಕರು:
"ಬಿಡ್ರಿ ಸಾಹೇಬ್ರ, ಅದರ ಪಾಲಿನ ಹೊತ್ತು ಅದಕ್ಕ ಕೊಡೂಣು.
ಏ ಹುಡುಗೂರ, ಬೆರಳಿಡ್ರಿ, ಒತ್ರಿ,
ಮನಸಿನ್ಯಾಗ ಕೇಳಿ ಮುಂದಕ್ಕ ಹೋಗ್ರಿ."

ನನಗೆ ಕೇಳಿಸಿದ್ದು
ಬಿಳಿ ಪಟ್ಟಿ ಮರಕ್ಕೆ ತಗಲುವ ಟಕ್ಕು, ಅಷ್ಟೆ.
ಉತ್ತಯ್ಯ ಮಾತ್ರ ಕಣ್ಣು ಮುಚ್ಚುತ್ತಿದ್ದ,
ಜಿಗಣೆ ಕಚ್ಚಿದ ಕಾಲಿನಿಂದ ರಕ್ತ ಚಾಪೆಗೆ ಇಳಿಯುತ್ತಿದ್ದರೂ.

ಕೆಲಸ ಬಿಟ್ಟಾಗ ಬಂದ ದುಡ್ಡಿನಲ್ಲಿ
ಕಣ್ಣೂರಿನಿಂದ ಆಳು ಕರೆಸಿ ಹೊಸ ಹಿತ್ತಾಳೆ ನಾಲಿಗೆ ಹಾಕಿಸಿದರು.
ಧೈವತ ಬಂತು. ಮಾಸ್ತರು ಬೆಚ್ಚಿ ಕೈ ತೆಗೆದರು.
"ಅಯ್ಯ, ಇವನ್ಯಾರು ನಡುವ ಬಂದು ಮಾತಾಡಾಂವ?"
ಮರುದಿನ ತಾವೇ ಕಿತ್ತು
ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು.
ಆ ಹೊತ್ತಿಗೆ ಉತ್ತಯ್ಯ ಮದರಾಸಿನಲ್ಲಿದ್ದ.
ತೀರಿಕೊಂಡಾಗಲೂ.

ಈಗ ಅವನ ಹಾಡು ಗೋಣಿಕೊಪ್ಪದ ಬಸ್ಸಿನಲ್ಲಿ, ಮದುವೆಗಳಲ್ಲಿ,
ಮೀನು ಮಾರುವವನ ಫೋನಿನಲ್ಲಿ.
ಏರುತ್ತ ಏರುತ್ತ ಒಂದು ಕಡೆ ನಿಲ್ಲುತ್ತದೆ,
ಅರ್ಧ ಉಸಿರು.
ಬಲ್ಲವರು ಆ ಮೌನಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ.
ಟಿವಿಯವರು ಕೇಳಿದರು, ಗುರು ಯಾರು?
ಯಾರೂ ಇಲ್ಲ, ಈ ಕಾಡು, ಈ ಮಳೆ, ಅಂದ.
ನಾನು ಸಿಟ್ಟಿಗೆ ಕಡುಬಿನ ಪಾತ್ರೆ ಕುಕ್ಕಿದೆ.
ಆಮೇಲೆ ಅನ್ನಿಸಿತು:
ಸುಳ್ಳಾಡುವ ಮುಂಚೆ ಅವನೂ ಒಂದು ಕ್ಷಣ
ಬೆರಳೊತ್ತಿ ಸುಮ್ಮನಿದ್ದನಲ್ಲ.

ಆ ನಾಲಿಗೆ ನನ್ನ ಸೂಜಿಡಬ್ಬಿಯಲ್ಲಿದೆ.
ಮಳೆ ಜೋರಿರುವಾಗ ತುಟಿಗಿಟ್ಟು ಊದುತ್ತೇನೆ.
ಕೂಗುತ್ತದೆ.
ಶ್ರುತಿ ಸ್ವಲ್ಪ ಇಳಿದಿದೆ.